ಅಕ್ಕೋರು ಮತ್ತು ಕಟ್ಟದೆ ಉಳಿದ ಸೇತುವೆ

ವಿಜಾಪುರ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಪ್ರಾಥಮಿಕ ಶಿಕ್ಷಣಕ್ಕಾಗಿ ಬಾಳು ಸವೆಸಿದವರ ಹೆಸರುಗಳನ್ನು ಯಾರಾದರೂ ಒಂದೆಡೆ ಬರೆದಿಡುವುದಾದರೆ, ಆ ಪಟ್ಟಿಯ ಮೊದಲ ಪುಟದಲ್ಲಿಯೇ ಶ್ರೀಮತಿ ಸಾವಂತ್ರವ್ವ ಅಕ್ಕೋರ ಹೆಸರು ಬರಬೇಕೆಂಬುದು ನನ್ನ ದೃಢವಾದ ನಂಬಿಕೆ. ಸಿಂದಗಿಯಲ್ಲಿ ಐದು ವರ್ಷ, ಇಂಡಿಯಲ್ಲಿ ಮೂರು ವರ್ಷ, ಬಸವನ ಬಾಗೇವಾಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ, ಹೀಗೆ ಮೂವತ್ತಾರು ವರ್ಷಗಳ ಸೇವೆಯನ್ನು ಪೂರೈಸಿ ಈ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾಗಿದ್ದಾರೆ. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುವುದು ವಾಡಿಕೆ. ಆದರೆ ನಮ್ಮೂರಲ್ಲಿ ಬರೀ ಅಕ್ಕೋರು ಎಂದರೆ ಸಾವಂತ್ರವ್ವನವರೊಬ್ಬರೇ. ಅವರ ಶಿಷ್ಯಳೂ ಹದಿನೇಳು ವರ್ಷ ಅವರ ಸಹೋದ್ಯೋಗಿಯೂ ಆದ ನಾನು ಇವತ್ತಿಗೂ ‘ಚಂದವ್ವ ಬಾಯಾರು’, ಅಂದರೆ ಬರೀ ಟೀಚರು, ಆಗಿಯೇ ಉಳಿದಿದ್ದೇನೆ.

ಈ ಅಭಿನಂದನ ಗ್ರಂಥದ ಸಂಪಾದಕರಾದ ಗುರಣ್ಣ ಮಾಸ್ತರರು ‘ಅಕ್ಕೋರ ಸೇವಾವಧಿಯ ಸಾಧನೆಗಳು’ ಎಂಬ ವಿಷಯವನ್ನು ನನಗೆ ಗೊತ್ತುಮಾಡಿ ಪತ್ರ ಬರೆದರು. ಅದರ ಕೆಳಗೆ, ಆ ಪ್ರವಾಸದ ಸಂಗತಿಯನ್ನು ದಯವಿಟ್ಟು ಎತ್ತಬಾರದು ಎಂದು ಬರೆದು ಎರಡು ಗೆರೆ ಎಳೆದಿದ್ದರು. ಸನ್ಮಾನದ ಹೊತ್ತಿನಲ್ಲಿ ಆಗದೆ ಹೋದ ಕೆಲಸದ ಮಾತೇಕೆ ಎಂಬುದು ಅವರ ಭಾವನೆ. ಮಾಸ್ತರರ ಮೇಲೆ ನನಗೆ ಗೌರವವಿದೆ. ಆದರೂ ನಾನು ಬರೆಯುವುದು ಆ ಪ್ರವಾಸವನ್ನೇ. ಅದರೊಳಗೆ ಅಕ್ಕೋರಿಂದ ನಾನು ಮುಚ್ಚಿಟ್ಟ ಒಂದು ಸತ್ಯವಿದೆ. ಎದುರಿಗೆ ಕೂತು ಹೇಳಲು ಎರಡು ವರ್ಷದಿಂದ ಬಾಯಿ ಬಂದಿಲ್ಲ. ಅಕ್ಕೋರು ಯಾವ ಪುಸ್ತಕವನ್ನಾದರೂ ಮುದ್ರಕರ ಹೆಸರಿನವರೆಗೆ ಓದುವವರು. ಆದ್ದರಿಂದ ಇಲ್ಲಿ ಬರೆದರೆ ಅವರಿಗೆ ಮುಟ್ಟುವುದು ಖಂಡಿತ.

ಅಕ್ಕೋರ ತವರು ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಎದುರಾಗಿ, ಕೃಷ್ಣೆಯ ಆಚೆ ದಂಡೆಯಲ್ಲಿರುವ ಒಂದು ಸಣ್ಣ ಹಳ್ಳಿ. ಅಲ್ಲಿ ಸಾಲೆ ಇರಲಿಲ್ಲ. ಅವರ ತಾಯಿ ಶಂಕ್ರೆವ್ವನವರು ಮಗಳನ್ನು ಹರಿಗೋಲಿನಲ್ಲಿ ಕೂರಿಸಿ ಈಚೆ ದಂಡೆಯ ಬಂಧುಗಳ ಮನೆಗೆ ಕಳಿಸಿ ಓದಿಸಿದರು. ಹೆಣ್ಣುಮಕ್ಕಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಕ್ಕೋರು ಮೊದಲ ಸಲಕ್ಕೇ ತೇರ್ಗಡೆಯಾಗಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಸಿಂದಗಿಯ ಹೆಣ್ಣುಮಕ್ಕಳ ಸಾಲೆಗೆ ಸೇರಿದರು.

ಸಿಂದಗಿಯಲ್ಲಿ ಅವರು ಮಾಡಿದ ಮೊದಲ ಕೆಲಸ ತರಗತಿಯ ತೊಲೆಗೆ ತೊಟ್ಟಿಲು ಕಟ್ಟಿಸಿದ್ದು. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದ ಹುಡುಗಿಯರಿಗೆ ಬರೆಯಲು ಕೈ ಬಿಡುವಾಗಲೆಂಬುದು ಉದ್ದೇಶ. ತಪಾಸಣೆಗೆ ಬಂದ ಸಾಹೇಬರು ತೊಟ್ಟಿಲು ಕಂಡು ಹುಬ್ಬು ಗಂಟಿಕ್ಕಿದಾಗ, ಪಾಠ ನಿಲ್ಲಿಸದೆಯೇ ಅಕ್ಕೋರು ತೊಟ್ಟಿಲ ಹಗ್ಗವನ್ನು ಅವರ ಕೈಗೆ ಕೊಟ್ಟರಂತೆ. ಸಾಹೇಬರು ಪಾಠ ಮುಗಿಯುವತನಕ ತೂಗಿದರು ಎಂದು ಸಿಂದಗಿಯವರು ಇಂದಿಗೂ ಹೇಳುತ್ತಾರೆ. ಇಂಡಿಯಲ್ಲಿ ಹುಡುಗಿಯರು ನೀರಿಗಾಗಿ ಮಧ್ಯಾಹ್ನವೇ ಸಾಲೆ ಬಿಟ್ಟು ಹೋಗುವುದನ್ನು ಕಂಡು, ಬಾವಿಯ ಕಟ್ಟೆಗೇ ಹೋಗಿ ನಿಂತು, ಕೊಡ ಹಿಡಿದ ಸಾಲಿನಲ್ಲಿಯೇ ಮಗ್ಗಿ ಹೇಳಿಸಿದರು. ಇಂಥ ಸಂಗತಿಗಳನ್ನು ಬೇರೆ ಲೇಖಕರು ಈ ಗ್ರಂಥದಲ್ಲಿ ವಿವರವಾಗಿ ಬರೆದಿರುತ್ತಾರೆ.

ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಶಾಂತಮೂರ್ತಿಗಳಾಗಿಬಿಡುತ್ತಾರೆ. ನಮ್ಮ ಅಕ್ಕೋರಿಗೆ ಮಾತ್ರ ಸಿಟ್ಟು ಮೂಗಿನ ತುದಿಯಲ್ಲಿಯೇ ಇತ್ತು ಎಂಬುದನ್ನು ದಾಖಲಿಸಲೇಬೇಕು. ಅವರು ಎಸೆದ ಸೀಮೆಸುಣ್ಣದ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ, ಮೂರನೆಯ ಇಯತ್ತೆಯಲ್ಲಿ ನನ್ನ ಹಣೆಯೇ ಅದಕ್ಕೆ ಸಾಕ್ಷಿ. ಅದೇ ಅಕ್ಕೋರು, ನನಗೆ ಹದಿಮೂರು ತುಂಬಿದಾಗ ಮನೆಯವರು ಮದುವೆ ಗೊತ್ತುಮಾಡಿದರೆಂದು ತಿಳಿದು, ಮೂರು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತರು. ಜಗಳವಾಡಲಿಲ್ಲ, ಉಪದೇಶ ಮಾಡಲಿಲ್ಲ. ನನ್ನಪ್ಪ ಚಹಾ ಕೊಟ್ಟರೆ ಕುಡಿದರು, ಕೊಡದಿದ್ದರೆ ಸುಮ್ಮನೆ ಕೂತರು. ನಾಲ್ಕನೆಯ ದಿನ ನನ್ನಪ್ಪನೇ ಸಾಲೆಗೆ ಹೋಗಿ, “ಮುಲ್ಕಿ ಮುಗೀಲಿ ಬಿಡ್ರಿ, ಆಮ್ಯಾಲ ನೋಡೂಣು. ನೀವು ಕಟ್ಟಿ ಮ್ಯಾಲ ಕುಂತ್ರ ಮಂದಿ ಏನರ ಅಂದಾರು,” ಎಂದ. ನಾನು ಇವತ್ತು ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಮೂರು ಸಂಜೆಗಳ ಪುಣ್ಯದಿಂದ.

ನಾನು ಅದೇ ಸಾಲೆಗೆ ಶಿಕ್ಷಕಿಯಾಗಿ ಬಂದ ಮೇಲೆ ಒಂದು ವಿಚಿತ್ರವನ್ನು ಗಮನಿಸಿದೆ. ನಕಾಶೆಯ ಮೇಲೆ ನದಿಗಳನ್ನು ತೋರಿಸುವಾಗ ಅಕ್ಕೋರ ಬೆರಳು ಭೀಮೆಯ ಮೇಲೆ ಸರಸರ ಹರಿಯುತ್ತಿತ್ತು, ಡೋಣಿಯ ಮೇಲೂ ಹರಿಯುತ್ತಿತ್ತು. ಕೃಷ್ಣೆಯ ಮೇಲೆ, ಮುದ್ದೇಬಿಹಾಳದ ಕೆಳಗೆ ಒಂದು ಕಡೆ ಬಂದಾಗ ನಿಂತುಬಿಡುತ್ತಿತ್ತು. ಮಕ್ಕಳು ಕಾಯುತ್ತಿದ್ದರು. ಒಂದು ದಿನ ಸಾಲೆ ಬಿಟ್ಟ ಮೇಲೆ ನಾನು ಧೈರ್ಯ ಮಾಡಿ ಕೇಳಿದೆ. ಅವರು ನಕಾಶೆಯನ್ನು ಸುತ್ತುತ್ತ ಹೇಳಿದ್ದನ್ನು ಅವರ ಅಪ್ಪಣೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ಐವತ್ತಮೂರರ ಶ್ರಾವಣದಲ್ಲಿ, ತಾಯಿಗೆ ಹುಷಾರಿಲ್ಲವೆಂಬ ಸುದ್ದಿ ಬಂದು ಅಕ್ಕೋರು ತಂಗಡಗಿಗೆ ಹೋದರು. ಕೃಷ್ಣೆ ತುಂಬಿ ಬಂದಿದ್ದಳು. ಅಂಬಿಗರ ಸೋಮನಿಂಗ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಕೂತಿದ್ದ. “ಹೊಳಿ ತಾಯಿ ಇವತ್ತ ಯಾರ ಮಾತೂ ಕೇಳಂಗಿಲ್ರಿ ಅಕ್ಕೋರ. ನಾಳಿ ನೋಡೂಣ್ರಿ,” ಎಂದ. ಆ ನಾಳೆ ಒಂಬತ್ತು ದಿನವಾಯಿತು. ಅಕ್ಕೋರು ಸೋಮನಿಂಗನ ಮನೆಯಲ್ಲಿಯೇ ಉಂಡು, ಹಗಲೆಲ್ಲ ದಂಡೆಯ ಮೇಲೆ ನಿಲ್ಲುತ್ತಿದ್ದರು. ಆಚೆ ಕಡೆಯ ತಮ್ಮೂರ ಬೇವಿನ ಗಿಡಗಳು ಕಾಣುತ್ತಿದ್ದವು, ಸಂಜೆಗೆ ಒಲೆಯ ಹೊಗೆ ಕಾಣುತ್ತಿತ್ತು. ನಾಲ್ಕನೆಯ ದಿನ ಆಚೆ ದಂಡೆಯಲ್ಲಿ ಹತ್ತಿಪ್ಪತ್ತು ಮಂದಿ ಸಾಲಾಗಿ ಹೋಗುವುದು ಇರುವೆ ಸಾಲಿನಂತೆ ಕಂಡಿತು. ಸಂತೆಗೆ ಹೊರಟವರಿರಬೇಕು ಎಂದುಕೊಂಡರು. ಒಂಬತ್ತನೆಯ ದಿನ ನೀರು ಇಳಿದು, ದಾಟಿ ಮನೆಗೆ ಹೋದಾಗ ತಾಯಿಗೆ ಮಣ್ಣು ಕೊಟ್ಟು ಐದು ದಿನವಾಗಿತ್ತು.

“ನಮ್ಮವ್ವನ್ನ ಒಯ್ಯೂದು ನಾ ಕಣ್ಣಾರೆ ಕಂಡೇನಿ ಚಂದವ್ವಾ. ಕಂಡೂ ಗೊತ್ತಾಗಲಿಲ್ಲ,” ಎಂದರು. ಅಷ್ಟು ಹೇಳಿ ನಕಾಶೆಯನ್ನು ಗೋಡೆಯ ಮೂಲೆಗೆ ಒರಗಿಸಿ ಮನೆಗೆ ನಡೆದರು.

ಇನ್ನು ಪ್ರವಾಸದ ವಿಷಯ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ದೀಪಾವಳಿಯ ಮುಂಚೆ, ಪಂಚಾಯತಿಗೆ ಒಂದು ದಿನ ತಡವಾಗಿ ಬರುವ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಸೇತುವೆ ಕೆಲಸದಲ್ಲಿಯೇ ತಲೆ ನರೆಸಿಕೊಂಡ ಚಡಚಣದ ಬಸಂತರಾಯರೆಂಬ ಎಂಜಿನಿಯರರು, ಝಳಕಿಯ ಆಚೆ ಭೀಮಾ ದಂಡೆಯ ಒಂದು ಹಳೆಯ ಬಂಗಲೆಯಲ್ಲಿ ‘ಸೇತುವೆ ಮನೆ’ ಎಂಬ ಸಂಗ್ರಹಾಲಯ ತೆರೆದಿದ್ದಾರೆಂದೂ, ಹಳೆಯ ಕಾಲದ ನದಿ ಸೇತುವೆಗಳ ಸಾಗವಾನಿ ಮಾದರಿಗಳು, ಅಳತೆಯ ಸಾಧನಗಳು, ಚಿತ್ರಗಳು ಅಲ್ಲಿ ಇವೆಯೆಂದೂ ಬರೆದಿತ್ತು. ಕೊನೆಗೆ ಒಂದು ಮಾತು: ‘ಯೋಜನೆಯಾಗಿಯೂ ಕಟ್ಟದೆ ಉಳಿದ ಸೇತುವೆಗಳ ನಕ್ಷೆಗಳಿಗೆ ಒಂದು ಪ್ರತ್ಯೇಕ ಕೋಣೆ ಇದ್ದು, ಅವುಗಳಲ್ಲಿ ತಂಗಡಗಿಯ ಬಳಿ ಕೃಷ್ಣೆಗೆ ಯೋಚಿಸಿದ್ದ ಸೇತುವೆಯ ನಕ್ಷೆಯೂ ಒಂದು.’

ಅಕ್ಕೋರು ಅದನ್ನು ಎರಡು ಸಲ ಓದಿದರು. “ಚಂದವ್ವಾ, ನಮ್ಮ ಹೊಳಿಗೆ ಒಂದು ಸೇತುವಿ ಇತ್ತಂತ,” ಎಂದರು.

“ಎಲ್ಲಿರಿ ಅಕ್ಕೋರ?”

“ಕಾಗದದಾಗ.”

ಮಾರನೆಯ ದಿನದಿಂದ ನಮ್ಮ ಸಾಲೆಯಲ್ಲಿ ಬೇರೆ ಪಾಠವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಆರನೆಯ ಇಯತ್ತೆಯ ಇಪ್ಪತ್ತೆರಡು ಹುಡುಗಿಯರು ಸಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದಾರಿ ಬರೆದರು. ಊರಿಂದ ಬಾಗೇವಾಡಿಗೆ ಎಂಟು ಮೈಲು ಬಂಡಿಯಲ್ಲಿ, ಅಲ್ಲಿಂದ ವಿಜಾಪುರಕ್ಕೆ ಬಸ್ಸು, ವಿಜಾಪುರದಿಂದ ಝಳಕಿ ದಾಟಿ ಇನ್ನೊಂದು ಬಸ್ಸು, ಇಳಿದ ಮೇಲೆ ಮೂರು ಮೈಲು ಒಳದಾರಿ. ಯಾವ ಬಸ್ಸು ಎಷ್ಟು ತಡವಾದರೆ ಎಲ್ಲಿ ಏನು ತಪ್ಪುತ್ತದೆ ಎಂಬುದೇ ಗಣಿತದ ಲೆಕ್ಕವಾಯಿತು. ಸೇತುವೆಯ ಕಮಾನು ಏಕೆ ಬೀಳುವುದಿಲ್ಲ ಎಂಬುದು ವಿಜ್ಞಾನವಾಯಿತು. ಯಾರ ಪಕ್ಕ ಯಾರು ಕೂರಬೇಕು ಎಂಬುದರ ಮೇಲೆ ನಡೆದ ಜಗಳಗಳು ಮಾತ್ರ ಯಾವ ವಿಷಯಕ್ಕೂ ಸೇರಲಿಲ್ಲ.

ಸಂಜೆಯ ಹೊತ್ತು ಅಕ್ಕೋರೂ ನಾನೂ ಮನೆಮನೆಗೆ ಹೋಗಿ ಪಾಲಕರ ಒಪ್ಪಿಗೆ ಕೇಳಿದೆವು. ಮೊಮ್ಮಗಳನ್ನು ಕಳಿಸಲು ಶೆಟ್ಟೆವ್ವ ಎಂಬ ಮುದುಕಿ ಸುಲಭಕ್ಕೆ ಬಗ್ಗಲಿಲ್ಲ.

“ಸೇತುವಿ ಅಂದ್ರ ದಾಟಾಕ ಇರೂದ್ರಿ ಅಕ್ಕೋರ. ಅದರಾಗ ನೋಡಾಕ ಏನಿರತೈತಿ?”

“ದಾಟಾಕ ಇದ್ದವರು ಹಂಗ ಅಂತಾರ ಯಮ್ಮಾ. ನಾ ಇಲ್ಲದಾಕಿ. ನೋಡಿಯಾದ್ರೂ ಬರ್ತೇನಿ.”

ಶೆಟ್ಟೆವ್ವ, “ಕಡಕ ರೊಟ್ಟಿ ಎಷ್ಟ ಬೇಕಾಗತಾವ ಹೇಳ್ರಿ, ನಾನ ಬಡದ ಕೊಡತೇನಿ,” ಎಂದಳು. ಅವಳು ಒಪ್ಪಿದ ಮೇಲೆ ಓಣಿಯೆಲ್ಲ ಒಪ್ಪಿತು.

ಬಸಂತರಾಯರಿಗೆ ಬರೆದ ಪತ್ರಕ್ಕೆ ವಾರದೊಳಗೆ ಉತ್ತರ ಬಂತು. ಅವರು ಚಡಚಣದಿಂದ ವಾರಕ್ಕೊಮ್ಮೆ ಬಂದು ಬಾಗಿಲು ತೆರೆಯುವುದು ಸೋಮವಾರ ಮಾತ್ರ, ಯಾವ ಸೋಮವಾರ ಬಂದರೂ ಸಂತೋಷ ಎಂದು ಬರೆದಿದ್ದರು. ಅಕ್ಕೋರು ದಿನದರ್ಶಿಕೆ ನೋಡಿ ಡಿಸೆಂಬರ್ ಹದಿನಾರು ಎಂದು ಗೊತ್ತುಮಾಡಿದರು. ಊರಲ್ಲಿ ತಾರೀಖು ಯಾರಿಗೆ ಬೇಕು? ನಾವು ಹದಿನಾರು ಎಂದೆವು. ಊರವರು ಅದನ್ನು ಛಟ್ಟಿ ಅಮಾವಾಸ್ಯೆ ಆದ ಮೂರನೇ ದಿನ ಎಂದು ತಿಳಿದುಕೊಂಡರು. ನಾಲ್ಕು ಬಂಡಿಗಳನ್ನು ಕೊಡುತ್ತೇನೆಂದು ಗುರಲಿಂಗಪ್ಪ ಗೌಡರು ಸಂತೋಷದಿಂದ ಮಾತು ಕೊಟ್ಟರು. ಎರಡು ತಿಂಗಳು ಊರಿಗೆ ಊರೇ ಈ ಪ್ರವಾಸದ ಮಾತಾಡಿತು. ಆ ದಿನ ಯಾವ ವಾರವೆಂದು ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ಕೇಳಲಿಲ್ಲ.

ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಹೊರಗಿನ ಓದುಗರಿಗಾಗಿ ಬರೆಯುತ್ತೇನೆ: ಸೋಮವಾರ ಬಸವಣ್ಣನ ವಾರ, ಅಂದು ನಮ್ಮ ಊರುಗಳಲ್ಲಿ ಎತ್ತಿನ ಕೊರಳಿಗೆ ನೊಗ ಏರುವುದಿಲ್ಲ. ಬಿತ್ತನೆಯ ಹದ ತಪ್ಪಿದರೂ ಏರುವುದಿಲ್ಲ.

ಅಂದು ಕೋಳಿ ಕೂಗುವ ಹೊತ್ತಿಗೆ ಇಪ್ಪತ್ತೆರಡು ಹುಡುಗಿಯರು ಎಣ್ಣೆ ಹಚ್ಚಿದ ಹೆಣಲು, ಒಗೆದ ಲಂಗ, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಗೌಡರ ಮನೆಯ ಮುಂದೆ ನೆರೆದಿದ್ದರು. ನಾಲ್ಕೂ ಬಂಡಿಗಳಿಗೆ ಜಮಖಾನ ಹಾಸಿತ್ತು. ಎತ್ತುಗಳು ಮಾತ್ರ ಗೋದಲಿಯ ಮುಂದೆ ನಿಂತಿದ್ದವು. ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೇವು ಮೆಲ್ಲುತ್ತಿದ್ದವು. ಗೌಡರು ಹೊರಗೆ ಬಂದು ನಮ್ಮ ಮುಖ ನೋಡಿದರು, ನಾವು ಎತ್ತುಗಳನ್ನು ನೋಡಿದೆವು. ನನ್ನ ಗಂಡನ ಮನೆಯಲ್ಲಿಯೂ ಎರಡು ಜೋಡಿ ಎತ್ತುಗಳಿವೆ, ಪ್ರತಿ ಸೋಮವಾರ ಅವುಗಳ ಪೂಜೆಗೆ ನೀರು ಕೊಡುವವಳು ನಾನೇ. ಅಕ್ಕೋರು ಹಂಬಲದಲ್ಲಿ ಮರೆತರು ಎನ್ನಬಹುದು, ನನಗೇನಾಗಿತ್ತು?

ಗೌಡರು, “ನಿಮ್ಮ ಸಲುವಾಗಿ ಹೂಡತೇನ್ರಿ ಅಕ್ಕೋರ. ತಪ್ಪಾದ್ರ ಬಸವಣ್ಣ ನನ್ನ ಕೇಳಲಿ. ಹುಡುಗ್ಯಾರ ಮಾರಿ ನೋಡಾಕಾಗವಲ್ದು,” ಎಂದು ನೊಗಕ್ಕೆ ಕೈ ಹಾಕಿದರು.

ಅಕ್ಕೋರು ಮುಂದೆ ಹೋಗಿ ಅವರ ಕೈ ತಡೆದರು. “ಬ್ಯಾಡ್ರಿ ಗೌಡ್ರ. ಆರ ದಿನ ದುಡದಾವ. ಅವಕ್ಕ ಇರೂದು ಇದೊಂದ ದಿನ.”

ಎಂಟು ಮೈಲು ನಡೆದರೆ ಬಸ್ಸು ಸಿಗುತ್ತಿರಲಿಲ್ಲ. ಅಕ್ಕೋರು ಮಕ್ಕಳನ್ನು ಸಾಲೆಗೆ ಕರೆತಂದು, ಕಲ್ಲು ಕೂಡಿಸಿ ಅಂಗಳದಲ್ಲಿ ಒಂದು ಕಮಾನು ಕಟ್ಟಿಸಿದರು. ಅದು ಮೂರು ಸಲ ಬಿತ್ತು, ನಾಲ್ಕನೆಯ ಸಲ ನಿಂತಿತು. ಮಕ್ಕಳು ಬುತ್ತಿ ಬಿಚ್ಚಿ ಶೆಟ್ಟೆವ್ವನ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಅಕ್ಕೋರು ನಗುನಗುತ್ತಲೇ ಬಡಿಸಿದರು. ನಾನು ನೀರು ತರುವ ನೆವದಿಂದ ಹಿತ್ತಲಿಗೆ ಹೋಗಿ ಅತ್ತು ಬಂದೆ.

ಮರುವರ್ಷ ಅದೇ ಹುಡುಗಿಯರಿಗಾಗಿ ಹೊಸ ಯೋಜನೆ ಮಾಡಿದೆವು. ನಮ್ಮ ಹಳೆಯ ವಿದ್ಯಾರ್ಥಿನಿ ಖಾತುನಬಿಯನ್ನು ಝಳಕಿಗೆ ಕೊಟ್ಟಿದ್ದರು. ರವಿವಾರವೇ ಹೊರಟು ಅವಳ ಮನೆಯಲ್ಲಿ ಉಳಿದು, ಸೋಮವಾರ ಸೇತುವೆ ಮನೆಯನ್ನು ನೋಡಿಕೊಂಡು ಬರುವುದೆಂದಾಯಿತು. ಖಾತುನಬಿ, “ಪಡಸಾಲಿ ಸಾರಿಸಿ ಇಟ್ಟೇನ್ರಿ, ಎಷ್ಟ ಮಂದಿ ಬಂದ್ರೂ ಬರ್ರಿ,” ಎಂದು ಹೇಳಿ ಕಳಿಸಿದಳು. ಈ ಸಲ ಅಡ್ಡ ಬಂದವರು ಪಾಲಕರು. ಹೆಣ್ಣುಹುಡುಗಿಯರು ಒಂದು ರಾತ್ರಿ ಪರಊರಲ್ಲಿ ಉಳಿಯುವುದು ಹದಿನಾಲ್ಕು ಮನೆಗಳಿಗೆ ಒಪ್ಪಿಗೆಯಾಗಲಿಲ್ಲ, ಎಂಟು ಮನೆಯವರು ಒಪ್ಪಿದರು. ಎಂಟು ಜನರನ್ನಾದರೂ ಕರೆದುಕೊಂಡು ಹೋಗೋಣ ಎಂದೆ. ಅದೂ ಬೇಡವಾದರೆ ನೀವೊಬ್ಬರೇ ಹೋಗಿ ನೋಡಿ ಬರ್ರಿ ಎಂದೂ ಅಂದೆ.

ಅಕ್ಕೋರಿಗೆ ಸಿಟ್ಟು ಬಂತು. “ಉಳದ ಹದಿನಾಲ್ಕ ಹುಡುಗ್ಯಾರು ಊರ ಅಗಸಿ ಬಾಗಲ್ದಾಗ ನಿಂತ ನೋಡಬೇಕೇನ? ಈಚಿ ದಂಡಿ ಮ್ಯಾಲ ನಿಂತ ನೋಡೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ಹೋದ್ರ ಎಲ್ಲಾರೂ ಹೋಗೂಣು.”

ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಪ್ರತಿ ವರ್ಷ ದೀಪಾವಳಿ ಬಂತೆಂದರೆ ಹೊಸ ಹುಡುಗಿಯರು ಅಂಗಳದಲ್ಲಿ ರಂಗೋಲಿಯ ದಾರಿ ಬರೆಯುತ್ತಿದ್ದರು, ಪ್ರತಿ ವರ್ಷ ನಾಲ್ಕಾರು ಮನೆಗಳು ಒಲ್ಲೆನ್ನುತ್ತಿದ್ದವು. ಹೋಗಲಾರದ ಆ ದಾರಿಯ ಒಂದೊಂದು ತಿರುವೂ ಅಕ್ಕೋರಿಗೆ ಬಾಯಿಪಾಠವಾಯಿತು. ಪತ್ರಿಕೆಯ ಆ ತುಂಡನ್ನು ಅವರು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ಮಡಿಕೆಯಲ್ಲಿ ಹರಿದು ಹೋದಾಗ ಗೋಂದು ಹಚ್ಚಿದರು.

ಸಾವಿರದ ಒಂಬೈನೂರ ಎಪ್ಪತ್ತೇಳರ ಬೇಸಿಗೆಯಲ್ಲಿ ನನ್ನನ್ನು ಇಂಡಿಗೆ ಹತ್ತು ದಿನಗಳ ಶಿಕ್ಷಕರ ತರಬೇತಿಗೆ ಹಾಕಿದರು. ನಡುವೆ ಒಂದು ಸೋಮವಾರ ರಜೆ ಸಿಕ್ಕಿತು. ಯಾರಿಗೂ ಹೇಳದೆ ಬಸ್ಸು ಹತ್ತಿ, ಝಳಕಿ ದಾಟಿ ಇಳಿದು, ಆ ಬಿಸಿಲಿನಲ್ಲಿ ಮೂರು ಮೈಲು ನಡೆದೆ. ಅಕ್ಕೋರು ನೋಡಬೇಕಾದದ್ದನ್ನು ಅವರಿಗಿಂತ ಮೊದಲು ನೋಡುವ ಹಕ್ಕು ನನಗೆ ಎಲ್ಲಿಯದು ಎಂದು ದಾರಿಯುದ್ದಕ್ಕೂ ಅನ್ನಿಸಿತು. ನೋಡಿ ಬಂದು ಅವರಿಗೆ ಬಣ್ಣಿಸಿ ಹೇಳಿದರೆ ಅಷ್ಟಾದರೂ ಆದೀತು ಎಂದು ಸಮಾಧಾನ ಮಾಡಿಕೊಂಡೆ.

ಬಸಂತರಾಯರು ಎಪ್ಪತ್ತರ ಅಂಚಿನ, ಕಿವಿ ಸ್ವಲ್ಪ ಮಂದವಾದ, ಮಾತು ಮಾತ್ರ ಚುರುಕಾದ ಮನುಷ್ಯರು. ನಾನು ಯಾವ ಸಾ‍ಲೆಯವಳೆಂದು ತಿಳಿದ ಕೂಡಲೆ, “ಅಯ್ಯ, ವರ್ಷಾ ಬರ್ತೇವಂತ ಪತ್ರ ಬರೆಯೋ ಅಕ್ಕೋರ ಸಾಲಿ! ಒಬ್ಬರರ ಬಂದ್ರೆಲ್ಲ,” ಎಂದು ನಕ್ಕು ಒಳಗಿನ ಕೋಣೆಗೆ ಕರೆದೊಯ್ದರು. ದೊಡ್ಡ ಮೇಜಿನ ಮೇಲೆ ಬಟ್ಟೆಗೆ ಅಂಟಿಸಿದ ಒಂದು ಹಳೆಯ ನಕ್ಷೆಯನ್ನು ಬಿಡಿಸಿದರು. ಸಾವಿರದ ಒಂಬೈನೂರ ಹದಿಮೂರನೆಯ ಇಸವಿಯದು. ಹನ್ನೊಂದು ಕಮಾನುಗಳ ಸೇತುವೆ, ಕೆಳಗೆ ನೀಲಿ ಬಣ್ಣದಲ್ಲಿ ಕೃಷ್ಣೆ. ಈಚೆಗೆ ತಂಗಡಗಿಯ ಹೆಸರು, ಆಚೆಗೆ ಅಕ್ಕೋರ ತವರೂರಿನ ಹೆಸರು. ಬರೆದವನು ಯಾರೋ, ಎಷ್ಟು ಪ್ರೀತಿಯಿಂದ ಬರೆದಿದ್ದನೋ, ಒಂದೊಂದು ಕಲ್ಲಿನ ಸಂದು ಕೂಡ ಕಾಣುತ್ತಿತ್ತು.

ಬಲಗಡೆಯ ಮೂಲೆಯಲ್ಲಿ ಒಂದು ಸಣ್ಣ ಕೋಷ್ಟಕವಿತ್ತು. ಅದರ ಇಂಗ್ಲಿಷನ್ನು ಬಸಂತರಾಯರು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಒಂದು ತಿಂಗಳು ಆ ಕಡವಿನಲ್ಲಿ ನದಿ ದಾಟಿದವರ ಎಣಿಕೆ ಅದು. ಬಂಡಿ ಇಷ್ಟು, ಎತ್ತು ಇಷ್ಟು, ಕುದುರೆ ಇಷ್ಟು, ಕುರಿ ಇಷ್ಟು, ಗಂಡಾಳು ಇಷ್ಟು. ಕೆಳಗೆ ಒಂದು ಸಾಲು: ಸಂಚಾರ ಸಾಲದು, ಕೆಲಸ ಕೈಬಿಡಲಾಗಿದೆ.

“ಹೆಣ್ಣಮಕ್ಕಳು ಎಷ್ಟ್ರಿ?” ಎಂದೆ.

ಅವರಿಗೆ ಕೇಳಿಸಲಿಲ್ಲವೆಂದು ಮತ್ತೆ ಜೋರಾಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮೊದಲನೇ ಸಲಕ್ಕ ಕೇಳಿಸ್ತವ್ವಾ. ಎಣಿಸಿಲ್ಲ. ತವರಮನಿಗೆ ಹೋಗವರು, ಬಾಣಂತನಕ್ಕ ಬರವರು, ಸಂತಿಗೆ ಬುಟ್ಟಿ ಹೊತ್ತವರು ಯಾರನ್ನೂ ಹಿಡದಿಲ್ಲ. ಅವರನ್ನ ಹಿಡದಿದ್ರ ಲೆಕ್ಕ ದುಪ್ಪಟ್ಟಾಗತಿತ್ತು. ಈ ಕಾಗದಾ ನೋಡಿ ನಂಗೂ ಭಾಳ ವರ್ಷ ಹೊಳೀಲಿಲ್ಲ. ನನ್ನ ಹೆಣತಿ ನೋಡಿ ಕೇಳಿದಾಗನ ಗೊತ್ತಾತು.”

ನಕ್ಷೆ ಬರೆದ ಆ ಹದಿಮೂರನೆಯ ಇಸವಿಯಲ್ಲಿಯೇ ಅಕ್ಕೋರ ತಾಯಿ ಶಂಕ್ರೆವ್ವನವರು ಹೊಸದಾಗಿ ಮದುವೆಯಾಗಿ ಈಚೆ ದಂಡೆಯ ತವರನ್ನು ಬಿಟ್ಟು ಆಚೆ ದಂಡೆಗೆ ಹೋಗಿದ್ದರು. ಹುಡುಗಿ ಆ ತಿಂಗಳಲ್ಲಿ ಒಮ್ಮೆಯಾದರೂ ಹರಿಗೋಲಿನಲ್ಲಿ ಕೂತಿರಲೇಬೇಕು. ಅದೇ ಹರಿಗೋಲಿನ ಕುರಿಗಳನ್ನು ಯಾರೋ ದಂಡೆಯ ಮೇಲೆ ಕೂತು ಎಣಿಸಿ ಬರೆದುಕೊಂಡಿದ್ದಾರೆ. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಬಸಂತರಾಯರು ತೆಳುಕಾಗದ ಕೊಟ್ಟರು. ಮಧ್ಯಾಹ್ನವೆಲ್ಲ ಕೂತು ನಕ್ಷೆಯನ್ನು ನಕಲು ತೆಗೆದೆ. ಹನ್ನೊಂದು ಕಮಾನುಗಳನ್ನೂ ನೀರಿನ ಗೆರೆಗಳನ್ನೂ ಎರಡು ಊರ ಹೆಸರುಗಳನ್ನೂ ಬರೆದುಕೊಂಡೆ. ಕೋಷ್ಟಕವನ್ನು ಬಿಟ್ಟೆ. ತಾಯಿಯನ್ನು ಕಂಡೂ ಗುರುತಿಸಲಾರದೆ ಹೋದ ಹೆಣ್ಣುಮಗಳಿಗೆ, ನಿನ್ನ ತಾಯಿಯನ್ನು ಕುರಿಯಷ್ಟೂ ಎಣಿಸಲಿಲ್ಲ ಎಂದು ಹೇಗೆ ಹೇಳಲಿ? ಮರೆಮಾಚುವುದೇ ದಯೆ ಎಂದು ಆಗ ತಿಳಿದಿದ್ದೆ.

ಅಕ್ಕೋರು ಆ ನಕಲನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಕಮಾನನ್ನು ಬೆರಳಿಂದ ದಾಟಿದರು. ಆಚೆ ದಂಡೆ ಮುಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ಒಬ್ಬಳೇ ಹೋಗಿ ಬಂದೆನೆಂದು ಬೈಯಲಿಲ್ಲ. “ಇಷ್ಟ ಚಂದ ಬರದವರು ಯಾಕ ಕಟ್ಟಲಿಲ್ಲಂತ?” ಎಂದು ಕೇಳಿದರು.

“ಬರದಿಲ್ರಿ,” ಎಂದು ಕಣ್ಣು ತಪ್ಪಿಸಿದೆ.

“ನಾವು ಕೇಳಿರಾಕಿಲ್ಲ,” ಎಂದರು ಅಕ್ಕೋರು. “ನಮ್ಮವ್ವ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂಬತ್ತ ದಿನಾ ನಿಂತೆ, ಊರಿಗೆ ಬಂದೆ, ಒಂದ ಅರ್ಜಿ ಬರೀಲಿಲ್ಲ. ತಪ್ಪು ನಮ್ದ.”

ಅಂದಿನಿಂದ ಎರಡು ವರ್ಷ ಪಕ್ಕದ ಕೋಣೆಯಲ್ಲಿ ಅಕ್ಕೋರು ಕೃಷ್ಣೆಯ ಪಾಠ ಮಾಡುವಾಗಲೆಲ್ಲ, ನಮ್ಮ ಹಿರಿಯ ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳಲಿಲ್ಲ, ಅದಕ್ಕೇ ಸೇತುವೆ ಆಗಲಿಲ್ಲ, ನೀವು ಹಾಗೆ ಮಾಡಬೇಡಿರಿ ಎಂದು ಮಕ್ಕಳಿಗೆ ಹೇಳುವುದು ತಡಿಕೆಯ ಆಚೆಯಿಂದ ಕೇಳಿಸುತ್ತಿತ್ತು. ನನ್ನ ಸುಳ್ಳು ನನ್ನ ಗುರುವಿನ ಬಾಯಲ್ಲಿ ಪಾಠವಾಗಿ ಹೋಯಿತು. ಅವರ ಮೂವತ್ತಾರು ವರ್ಷದ ಸೇವೆಗೆ ನಾನು ಕೊಟ್ಟ ಕಾಣಿಕೆ ಇದು.

ಅಕ್ಕೋರೆ, ಗುರಣ್ಣ ಮಾಸ್ತರರು ಇಲ್ಲಿಯವರೆಗೆ ಕತ್ತರಿ ಆಡಿಸದೆ ಬಿಟ್ಟಿದ್ದರೆ ಈ ಮುಂದಿನದನ್ನು ನಿಮಗೇ ಬರೆಯುತ್ತಿದ್ದೇನೆ. ತಪ್ಪು ನಿಮ್ಮದಲ್ಲ, ನಿಮ್ಮ ತಾಯಿಯದೂ ಅಲ್ಲ. ನೀವು ಕೇಳದೆ ಇದ್ದದ್ದಕ್ಕೆ ಸೇತುವೆಯ ಕೆಲಸ ನಿಂತದ್ದಲ್ಲ. ಹೆಣ್ಣುಮಕ್ಕಳು ದಾಟುತ್ತಲೇ ಇದ್ದರು, ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಇಷ್ಟನ್ನು ಅಂದೇ ಹೇಳದೆ ಎರಡು ವರ್ಷ ನಿಮ್ಮನ್ನು ನೀವೇ ದೂರಿಕೊಳ್ಳುವಂತೆ ಮಾಡಿದೆ. ನನಗೆ ಕ್ಷಮೆ ಬೇಕು. ಸೀಮೆಸುಣ್ಣವಾದರೂ ಆದೀತು.

ಇನ್ನೊಂದು ಮಾತು. ಬರುವ ನವೆಂಬರ್ ಹನ್ನೊಂದು, ರವಿವಾರ, ಗೌರಿ ಹುಣ್ಣಿಮೆಯಾಗಿ ಏಳನೆಯ ದಿನ, ಬೆಳಿಗ್ಗೆ ನಾವು ಹೊರಡುತ್ತೇವೆ. ಝಳಕಿಯಲ್ಲಿ ಖಾತುನಬಿ ಪಡಸಾಲೆ ಸಾರಿಸಿ ಇಡುತ್ತಾಳೆ. ಎಪ್ಪತ್ತನಾಲ್ಕರ ಆ ಹುಡುಗಿಯರಿಗೆಲ್ಲ ಪತ್ರ ಬರೆದೆ. ಕೆಲವರಿಗೆ ಮದುವೆಯಾಗಿದೆ, ಒಬ್ಬಳು ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಹದಿನೇಳು ಜನ ಬರುತ್ತೇವೆಂದು ಬರೆದಿದ್ದಾರೆ. ಐವರಿಗೆ ಆಗುವುದಿಲ್ಲ. ಒಬ್ಬಳಿಗೆ ಅತ್ತೆಯ ಮನೆಯವರು ಒಪ್ಪಲಿಲ್ಲ, ಇಬ್ಬರಿಗೆ ದಿನ ತುಂಬಿವೆ, ಒಬ್ಬಳು ಗಂಡನ ಸಂಗಡ ಪರಊರಿಗೆ ದುಡಿಯಲು ಹೋಗಿದ್ದಾಳೆ, ಇನ್ನೊಬ್ಬಳು ಈಗ ನಮ್ಮ ನಡುವೆ ಇಲ್ಲ. ಎಲ್ಲರೂ ಬಂದರೆ ಮಾತ್ರ ಎಂದು ನೀವು ಈ ಸಲ ಹಟ ಹಿಡಿಯಬಾರದು. ಆ ನಾಲ್ವರೂ, “ಅಕ್ಕೋರ್ನ ಕರಕೊಂಡ ಹೋಗ್ರಿ, ನಮ್ಮ ಸಲುವಾಗಿ ನಿಲ್ಲಿಸಬ್ಯಾಡ್ರಿ,” ಎಂದೇ ಹೇಳಿ ಕಳಿಸಿದ್ದಾರೆ.

ಬಸಂತರಾಯರಿಗೂ ಬರೆದಿದ್ದೆ. ಮೊನ್ನೆ ಅವರ ಕಾರ್ಡು ಬಂತು. ಅಕ್ಷರ ನಡುಗಿವೆ, ವಿಷಯ ಸ್ಪಷ್ಟವಾಗಿದೆ. ‘ಬರ್ರಿ. ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟಿರುತ್ತೇನೆ. ಕೋಷ್ಟಕದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇದೆ. ಆ ಕಡವಿನಲ್ಲಿ ದಾಟಿದ ಹೆಣ್ಣುಮಕ್ಕಳಲ್ಲಿ ಅಕ್ಕೋರಿಗೆ ನೆನಪಿರುವವರ ಹೆಸರುಗಳನ್ನು ಅವರ ಕೈಯಿಂದಲೇ ಅಲ್ಲಿ ಬರೆಸಬೇಕೆಂದು ನನ್ನ ಆಸೆ. ಶಾಯಿ ನಾನು ತಂದಿರುತ್ತೇನೆ.’

ಅಕ್ಕೋರಿಗೆ ಆಯುಷ್ಯವೂ ಆರೋಗ್ಯವೂ ನಡೆಯುವ ಕಾಲುಗಳೂ ಬಹುಕಾಲ ಇರಲಿ. ಇಷ್ಟು ವರ್ಷ ಊರ ಹೆಣ್ಣುಮಕ್ಕಳಿಗೆ ತಮ್ಮ ಹೆಸರು ತಾವು ಬರೆಯಲು ಕಲಿಸಿದ ಆ ಕೈ ಇನ್ನೂ ಬಹಳ ಹೆಸರುಗಳನ್ನು ಬರೆಯಲಿ. ನವೆಂಬರ್ ಹನ್ನೆರಡರ ಮಧ್ಯಾಹ್ನ, ಭೀಮೆಯ ದಂಡೆಯ ಆ ಕೋಣೆಯಲ್ಲಿ, ಅದು ಮೊದಲು ಬರೆಯುವ ಹೆಸರು ಶಂಕ್ರೆವ್ವ ಎಂದಾಗಿರಲಿ.